ಸಡಿಲ ಬೆಲ್ಟು

ಕೊರಳಿನ ಲಿಂಗವೇ ಮಾವನನ್ನು ಉಳಿಸಿತು ಎಂದು ನಮ್ಮ ಅತ್ತೆ ಇಂದಿಗೂ ಹೇಳುತ್ತಾರೆ. ಕೇಳಿದವರು ಕೈ ಮುಗಿಯುತ್ತಾರೆ. ನನ್ನ ತಕರಾರು ಇಷ್ಟೇ: ಅಂದು ಲೇತ್ ಯಂತ್ರಕ್ಕೆ ಸಿಕ್ಕಿಕೊಂಡದ್ದೂ ಅದೇ ಲಿಂಗದ ದಾರ. ಸಿಕ್ಕಿಸಿದವನಿಗೇ ಬಿಡಿಸಿದ ಪುಣ್ಯವನ್ನೂ ಕೊಡುವುದು ಯಾವ ನ್ಯಾಯ? ಕಾಲೇಜಿನ ಚರ್ಚಾಕೂಟದಲ್ಲಾದರೆ ಇಷ್ಟಕ್ಕೆ ಚಪ್ಪಾಳೆ ಬೀಳುತ್ತಿತ್ತು. ಅತ್ತೆಯ ಮುಂದೆ ಮಾತ್ರ ನಾನು ಈ ವಾದ ಎತ್ತುವುದಿಲ್ಲ. "ಹಾಗಾದ್ರೆ ಉಳಿಸಿದ್ದು ಯಾರಪ್ಪ?" ಎಂದು ಕೇಳಿಯಾರು ಎಂಬ ಭಯ.

ನಿನ್ನೆ ಹಿಟ್ಟಿನ ಗಿರಣಿಯಲ್ಲಿ ರಾಗಿ ಡಬ್ಬಿ ಹಿಡಿದು ನಿಂತಿದ್ದಾಗ ಬೆಲ್ಟು ಜಾರಿ, ಕಾದ ಚರ್ಮದ ವಾಸನೆ ಎದ್ದಿತು. ನನ್ನ ಕೈ ತಾನಾಗಿಯೇ ಕೊರಳಿಗೆ ಹೋಯಿತು. ನಿಮಗೂ ಇಂಥದೊಂದು ವಾಸನೆ ಇದ್ದೀತು, ಇಲ್ಲದಿದ್ದರೆ ಪುಣ್ಯವಂತರು.

ಮಾವ ಭದ್ರಾವತಿಯ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. ಕೆಲಸ ಬಿಟ್ಟ ಮೇಲೆ ಶಿವಮೊಗ್ಗದ ಹೊಸಮನೆಯಲ್ಲಿ, ಮನೆಯ ಹಿಂದಿನ ಕೋಣೆಯಲ್ಲಿ, ಕಬ್ಬಿಣ ಕಡೆಯಲು ಕಾಲಿನಿಂದ ತುಳಿಯುವ ಹಳೆಯ ಲೇತ್ ಇಟ್ಟುಕೊಂಡಿದ್ದರು. ಆಲೆಮನೆಗಳ ಗಾಣ ಕೆಟ್ಟರೆ ಜನ ಅಲ್ಲಿಗೇ ಬರುತ್ತಿದ್ದರು. ನಾನು ಓದಿಗೆಂದು ಅವರ ಮನೆಯಲ್ಲಿದ್ದೆ. ಯುದ್ಧದ ಕಾಲ, ಹೊಸದೇನೂ ಸಿಗುತ್ತಿರಲಿಲ್ಲ. ಹೇಗೋ ಒಂದು ಹಳೆಯ ಮೋಟಾರು ಗಿಟ್ಟಿಸಿ ಕೂರಿಸಿದರು. ಆದರೆ ಸವೆದ ಬೆಲ್ಟು ಜಾರುತ್ತಿತ್ತು. ಉಳಿ ತುಸು ಆಳಕ್ಕೆ ಇಳಿದರೆ ಸಾಕು, ಮೋಟಾರು ತಿರುಗುತ್ತಿದ್ದರೂ ಲೇತ್ ನಿಂತುಬಿಡುತ್ತಿತ್ತು.

ನನಗೆ ಸಹಿಸಲಾಗಲಿಲ್ಲ. ಲೇತ್ ಮುಟ್ಟಲು ಬಾರದವನಿಗೆ ಲೇತಿನ ಬಗ್ಗೆ ಅಭಿಪ್ರಾಯಗಳು ಜಾಸ್ತಿ. ಭದ್ರಾವತಿಗೆ ಹೋಗಿ ಬೇರೆ ಬೆಲ್ಟು ಹುಡುಕಿ ತಂದೆ. ರೈಲಿನಲ್ಲಿ ಅದನ್ನು ಸುತ್ತಿ ತೊಡೆಯ ಮೇಲಿಟ್ಟುಕೊಂಡು, ಮಲವಗೊಪ್ಪ ದಾಟುವಷ್ಟರಲ್ಲಿ ವಾದ ಸಿದ್ಧಮಾಡಿಕೊಂಡೆ. ಮಾವ ಅದನ್ನೂ ಸಡಿಲವಾಗಿಯೇ ಹಾಕಿದರು.

"ಸ್ವಲ್ಪ ಜಾರ್ಲಿ ಬಿಡೋ."

"ಯಾಕೆ ಜಾರ್ಬೇಕು ಮಾವ? ಒಂದು ಕಾರಣ ಹೇಳಿ."

"ಕಾರಣ ಎಲ್ಲಿಂದ ತರ್ಲಿ ಮಾರಾಯ? ಕೈಗೆ ಅಭ್ಯಾಸ ಆಗಿದೆ."

"ಅಭ್ಯಾಸ ಕಾರಣ ಅಲ್ಲ."

"ನಿನ್ ಬಾಯಿಗೆ ಮೋಟಾರ್ ಕೂರಿಸಿದ್ದು ಯಾರೋ? ಆಯ್ತು, ನೀನೇ ಬಿಗಿ ಮಾಡು."

ಗೆದ್ದೆ. ಮೋಟಾರನ್ನು ಹಿಂದಕ್ಕೆ ಸರಿಸಿ, ತೋಳು ನೋಯುವವರೆಗೆ ಅದರ ಬುಡದ ಎರಡೂ ಬೋಲ್ಟುಗಳನ್ನು ಬಿಗಿದೆ. ಜಾರದಿರಲೆಂದು ಬೆಲ್ಟಿಗೆ ರಾಳದ ಪುಡಿ ಉದುರಿಸಿ ರೊಟ್ಟಿ ತಿನ್ನಲು ಹೋದೆ.

ಕೆಲಸದ ಹೊತ್ತಿನಲ್ಲಿ ಮಾವ ಲಿಂಗದ ಕರಡಿಗೆಯನ್ನು ಬೆನ್ನಿಗೆ ಹಾಕಿಕೊಳ್ಳುತ್ತಿದ್ದರು. ತೆಗೆದಿಡಿ ಎಂದರೆ, "ಹೂಳುವಾಗ್ಲೂ ಇದು ನನ್ ಜೊತೆಗೇ ಬರುತ್ತೆ ಕಣೋ" ಎನ್ನುತ್ತಿದ್ದರು. ನಾನು ತಿಂದು ಬಂದಾಗ ಅವರು ತಿರುಗುವ ಲೇತಿನ ಮೇಲೆ ಬಗ್ಗಿ ನೋಡುತ್ತಿದ್ದರು. ಕರಡಿಗೆ ಮುಂದಕ್ಕೆ ತೂಗಿತು. ಕಬ್ಬಿಣವನ್ನು ಕಚ್ಚಿ ತಿರುಗುತ್ತಿದ್ದ ದವಡೆಗಳಿಗೆ ದಾರ ಸುತ್ತಿಕೊಂಡಿತು. ಮಾವ ಒಂದು ಕೈ ಲೇತಿಗೆ ಊರಿ ಹಿಂದಕ್ಕೆ ಜಗ್ಗುತ್ತಿದ್ದರು, ತಲೆ ಮುಂದಕ್ಕೇ ಹೋಗುತ್ತಿತ್ತು. ಸ್ವಿಚ್ಚು ನಮ್ಮಿಬ್ಬರ ನಡುವಿನ ಗೋಡೆಯಲ್ಲಿತ್ತು. ಕಂಡಿತು, ಕೈ ಏಳಲಿಲ್ಲ. ಬಿಗಿದವನು ನಾನು, ಇದು ನಿಲ್ಲುವುದಿಲ್ಲ ಎಂಬುದೊಂದೇ ತಲೆಯಲ್ಲಿತ್ತು.

ನಿಂತಿತು. ಬೆಲ್ಟು ಕಿರುಚಿ ಜಾರಿತು, ಕಾದ ಚರ್ಮ ನಾತ ಹೊಡೆಯಿತು. ದವಡೆಗೂ ಮಾವನ ಮುಖಕ್ಕೂ ಒಂದು ಗೇಣು. ತಡಕಾಡಿ ಸ್ವಿಚ್ಚು ಆರಿಸಿದವರೂ ಅವರೇ. ದಾರವನ್ನು ಬಿಡಿಸಿಕೊಂಡು, ಲಿಂಗವನ್ನು ಕಣ್ಣಿಗೊತ್ತಿ, "ನೀರು ತಾ" ಎಂದರು. ತಂದುಕೊಟ್ಟೆ.

ಸದ್ದು ಕೇಳಿ ಓಡಿಬಂದ ಅತ್ತೆ ಅಳುತ್ತಿದ್ದಾಗ ನಾನು ಬೋಲ್ಟು ನೋಡಿದೆ. ಎರಡೂ ಸರಿಯಾಗಿ ಎರಡೆರಡು ಸುತ್ತು ಸಡಿಲ. ಬೆಲ್ಟಿನ ರಾಳ ಪಕ್ಕದ ಬಟ್ಟೆಗೆ ಮೆತ್ತಿತ್ತು. ಅದುರಿ ಸಡಿಲವಾಯಿತು ಎಂದು ವಾದಿಸಬಹುದು. ಆದರೆ ಅದುರುವಿಕೆ ಎರಡನ್ನೂ ಸಮನಾಗಿ ಲೆಕ್ಕ ಹಾಕುವುದಿಲ್ಲ, ರಾಳವನ್ನು ಬಟ್ಟೆಯಿಂದ ಒರೆಸುವುದೂ ಇಲ್ಲ.

ನಿನ್ನೆ ಬಿಸಿ ಹಿಟ್ಟಿನ ಡಬ್ಬಿ ಹೊತ್ತು ನೇರ ಹೊಸಮನೆಗೆ ಹೋದೆ. ಮಾವ ಉಳಿ ಮಸೆಯುತ್ತಿದ್ದರು. ದಾರ ಕೊಯ್ದ ಕೊರಳಿನ ಗೆರೆ ಇನ್ನೂ ಮಾಸಿಲ್ಲ.

"ಬೋಲ್ಟ್ ಸಡಿಲ ಮಾಡಿದ್ದು ನೀವೇ ತಾನೆ?" ಎಂದೆ.

ಅವರು ಉಳಿಯ ಮೊನೆಯನ್ನು ಉಗುರಿನ ಮೇಲೆ ಎಳೆದು ನೋಡಿ, "ಹಿಟ್ಟು ನುಣ್ಣಗೆ ಬೀಸಿದ್ದಾನೇನೋ?" ಎಂದರು.

ಡಬ್ಬಿ ಕೆಳಗಿಟ್ಟೆ. ಮತ್ತೆ ಕೇಳಿದೆ: "ಅವತ್ತೊಂದಿನ ನನ್ನ ಮಾತು ನಂಬಿಬಿಟ್ಟಿದ್ರೆ, ಮಾವ?"