ವಿಭೂತಿ ಹಚ್ಚಿಸಿಕೊಂಡ ಇ-ರೀಡರ್

ನ್ಯಾಮತಿಗೆ ಬಂದ ಮೂರನೇ ವಾರ, ಮನೆಯೊಡತಿ ಗೌರಮ್ಮ ನನ್ನ ಇ-ರೀಡರಿಗೆ ವಿಭೂತಿ ಹಚ್ಚಿ, ಹೂವಿಟ್ಟು, ಕೈಮುಗಿದರು.

ನಮ್ಮೂರು ಬಿಳಿಚೋಡಿನಲ್ಲಿ ಕೂತವರು ನಗಬಹುದು. ನಾನು ನಗು ನುಂಗಿಕೊಂಡೆ. ಶಾಲೆಯ ವರ್ಗಾವಣೆಯಲ್ಲಿ ಬಂದವಳು; ಬಾಡಿಗೆ ಕೋಣೆಯಲ್ಲಿ ಒಂದೇ ಗೋಡೆಗೂಡು, ಪುಸ್ತಕಗಳ ಬದಲು ಇದೊಂದನ್ನೇ ತಂದಿದ್ದೆ. ಅಕ್ಷರವನ್ನು ಹೆಬ್ಬೆರಳಷ್ಟು ದೊಡ್ಡದು ಮಾಡಿ ತೋರಿಸಿದಾಗ ಗೌರಮ್ಮ, "ನಂಗೂ ಕಾಣ್ತೈತೆ ಕಣ್ರೀ ಟೀಚರ್" ಅಂದಿದ್ದರು. ಅವರ ಕಣ್ಣು ಮಂಜಾಗಿ ಎರಡು ವರ್ಷವಾಗಿತ್ತು. ಆದರೂ ಸಂಧಿ ಪೂರ್ತಿ ಓದಲು ಅವರಿಂದಾಗದು; ಹಾಗೆ ಶ್ರಾವಣದ ಪುರಾಣ ಓದುವ ಕೆಲಸ ನನಗೆ ಬಂತು. ದಿನಕ್ಕೊಂದು ಸಂಧಿ, ಅಂದರೆ ಅಧ್ಯಾಯ. ಕೊನೆಯ ಮಂಗಳದ ಪದ್ಯ ಮುಗಿಯುವ ತನಕ ಅವರು ಉಣ್ಣುವುದಿಲ್ಲ.

ನಮ್ಮ ಮನೆಯಲ್ಲಿ ಪುಸ್ತಕಕ್ಕೆ ಒಣ ವಿಭೂತಿ ಮುಟ್ಟಿಸುತ್ತೇವೆ. ಇಲ್ಲಿ ನೀರಲ್ಲಿ ಕಲಸಿ ಮೂರು ಬೆರಳಿನಿಂದ ಎಳೆಯುತ್ತಾರೆ. ಆ ನೀರು ಚಾರ್ಜಿನ ತೂತಿಗೆ ಇಳಿದದ್ದನ್ನು ನಾನು ಗಮನಿಸಲಿಲ್ಲ.

ಅರ್ಧ ಸಂಧಿಗೆ ಪುಟ ತಿರುಗಲಿಲ್ಲ. ಅಕ್ಷರಗಳು ಸ್ಪಷ್ಟವಾಗಿಯೇ ನಿಂತಿದ್ದವು. ಎಷ್ಟು ಒತ್ತಿದರೂ ಅದೇ ಪದ್ಯ. ಗೌರಮ್ಮ ಸಕ್ಕರೆ ಕಾಯಿಲೆಯ ಮಾತ್ರೆ ಮೊದಲೇ ನುಂಗಿ ಕೂತಿದ್ದರು. ಅವರ ಹಣೆಯಲ್ಲಿ ಬೆವರು ಕಂಡೆ. ಆಮೇಲೆ ಬೆರಳು ನಡುಗಿದವು.

"ಒಂಚೂರು ಬೆಲ್ಲ ಬಾಯಿಗೆ ಹಾಕ್ಕಳ್ರಿ ಅಮ್ಮ."

"ನೇಮ ಮುರಿಯಾಕೆ ಆಗಂಗಿಲ್ಲ. ನೀವು ಓದ್ರಿ."

ಊರಿನಲ್ಲಿರುವ ಅಕ್ಕ ರತ್ನಳಿಗೆ ಫೋನು ಮಾಡಿದೆ. ಅಲ್ಲಿ ಬಿಟ್ಟುಬಂದ ನನ್ನ ಟ್ರಂಕಿನಲ್ಲಿ ಇದೇ ಪುರಾಣದ ಅಚ್ಚಿನ ಪ್ರತಿ ಇತ್ತು.

"ಯಾವ ಪುಟ?"

"ಪುಟ ಇಲ್ಲ ಇದ್ರಾಗೆ. ಅರವತ್ತೆರಡು ಪರ್ಸೆಂಟ್."

"ಡೇರಿಯಾಗೆ ಹಾಲಿನ ಡಿಗ್ರಿ ಹೇಳಿದಂಗೆ ಹೇಳ್ತೀಯಲ್ಲೇ."

ನಿಂತ ಪದ್ಯದ ಮೊದಲ ಸಾಲು ಓದಿದೆ. ಅವಳು ಹಾಳೆ ತಿರುವುವ ಸದ್ದು ಕೇಳುತ್ತಿತ್ತು. ಗೌರಮ್ಮ ಕಂಬಕ್ಕೆ ಒರಗಿದರು. ಕೊನೆಗೂ ಪದ್ಯ ಸಿಕ್ಕಿತು. ರತ್ನ ಒಂದು ಸಾಲು ಓದಿದರೆ ನಾನು ಅದನ್ನೇ ಹೇಳುತ್ತಿದ್ದೆ. ಒಂದು ಪದ್ಯವನ್ನೂ ಬಿಡಲಿಲ್ಲ, ಬಿಟ್ಟರೆ ವರ್ಷವೂ ಕೇಳುವ ಗೌರಮ್ಮನವರಿಗೆ ಗೊತ್ತಾಗುತ್ತಿತ್ತು. ಮಂಗಳ ಮುಗಿದ ತಕ್ಷಣ ಬೆಲ್ಲದ ನೀರು ಬಾಯಿಗೆ ಹಿಡಿದೆ. ಅರ್ಧ ಲೋಟ ನನ್ನ ಕೈಯಿಂದ ಕುಡಿದರು. ಉಳಿದರ್ಧಕ್ಕೆ ತಾವೇ ಲೋಟ ಹಿಡಿದರು.

ಸ್ವಲ್ಪ ಸುಧಾರಿಸಿಕೊಂಡು ಹೇಳಿದರು: "ಆ ಪುಸ್ತಕ ಬಸ್ಸಿಗೆ ಹಾಕಿಸಾಕೆ ಹೇಳ್ರಿ. ನಾಳೆಗೆ ಬೇಕಲ್ಲ."

ಫೋನಿನಲ್ಲೇ ಇದ್ದ ರತ್ನ ಕೇಳಿಸಿಕೊಂಡಿದ್ದಳು. "ಕಳಿಸ್ತೀನಿ. ಆದ್ರೆ ಇಲ್ಲಿ ನಿಂದು ಅಂತ ಇರೋದು ಆ ಟ್ರಂಕೊಂದೇ ನೋಡು. ಒಂದೊಂದಾಗಿ ಖಾಲಿ ಮಾಡ್ತೀಯೇನು?"

ಗೌರಮ್ಮ ತಮ್ಮ ಪಕ್ಕ ಇನ್ನೊಂದು ತಟ್ಟೆ ಹಾಕಿ, "ನೀವೂ ಉಂಡಿಲ್ಲ, ಕೂತ್ಕಳ್ರಿ" ಅಂದರು. ಕೂತೆ. ಬಲಗೈ ಅನ್ನಕ್ಕಿಟ್ಟೆ. ಎಡಗೈಲಿ ಫೋನು ಹಾಗೇ ಇತ್ತು; ನಾನೂ ಇಡಲಿಲ್ಲ, ರತ್ನಳೂ ಇಡಲಿಲ್ಲ.