ತಿಥಿಯ ದಿನ ಸಿಡಿಯದ ಗರ್ನಾಲು

ಎಲ್ಲರೂ ಮಲಗಿದ ಮೇಲೆ ತಗಡಿನ ಮಾಡಿಗೆ ಹಕ್ಕಿಯ ಕಾಲುಗುರು ಟಕ್ ಎಂದು ತಾಗಿದರೂ ಸಾಕು, ವಟ್ವಾದ ಬಾಡಿಗೆ ಕೋಣೆಯಲ್ಲಿ ದಿವಾಕರ ಎದ್ದು ಕೂರುತ್ತಾರೆ. ಆಮೇಲೆ ನಿದ್ದೆಯಿಲ್ಲ. ಬೆಳಕು ಹರಿಯುವ ಹೊತ್ತಿಗೆ ನಗರದ ಇನ್ನೊಂದು ತುದಿಯ ಬೋಪಾಲ್ ಬಡಾವಣೆಯ ಯಾವುದೋ ಅಪಾರ್ಟ್‌ಮೆಂಟಿನ ಬಾಲ್ಕನಿಯ ಹೊರಗೆ, ಸೊಂಟಕ್ಕೆ ಹಗ್ಗ ಬಿಗಿದು, ಪಾರಿವಾಳ ಬಾರದಂತೆ ಬಲೆ ಕಟ್ಟುತ್ತಿರುತ್ತಾರೆ. ಮನೆಯವರು ಹಲ್ಲುಜ್ಜುತ್ತಾ ಬಂದು, ಮೂಲೆ ಸರಿಯಾಗಿ ಎಳೆಯಿರಿ ಎಂದು ಹೇಳಿ ಹೋಗುತ್ತಾರೆ. ಹೆಸರು ಕೇಳಿದವರಿಲ್ಲ, ಎಲ್ಲರಿಗೂ ಅವರು ‘ಜಾಲಿವಾಲಾ ಕಾಕಾ’, ಬಲೆಯ ಚಿಕ್ಕಪ್ಪ.

“ಬಲೆ ಒಳ್ಳೇದು. ಒಮ್ಮೆ ಕಟ್ಟಿದ್ರೆ ಮುಗೀತು. ಹಕ್ಕಿ ಓಡಿಸುವ ಗರ್ನಾಲು ಪಟಾಕಿಗಾದ್ರೆ ದಿನವಿಡೀ ಮನುಷ್ಯ ಬೇಕು” ಎನ್ನುತ್ತಾರೆ.

ಕುಂದಾಪುರದ ಕಡೆಯಿಂದ ಸೂರತ್‌ನ ಉಡುಪಿ ಹೋಟೆಲಿಗೆ ಬಂದವರು. ಒಲೆಯ ಹೊಗೆಗೆ ಉಬ್ಬಸ ಹತ್ತಿದ ಮೇಲೆ, ವಡೋದರಾದಾಚೆಯ ಸಣ್ಣದೊಂದು ತರಬೇತಿ ವಿಮಾನನೆಲೆಯಲ್ಲಿ ಗುತ್ತಿಗೆ ಕೆಲಸಕ್ಕೆ ಸೇರಿದರು. ಸೇನೆಯ ಹುಡುಗರು ಹಾರಲು ಕಲಿಯುವ ಜಾಗ. ವಿಮಾನ ಇಳಿಯುವ ಮೊದಲು ರನ್‌ವೇ ಅಂಚಿನಲ್ಲಿ ಗರ್ನಾಲು ಸಿಡಿಸಿ ಹಕ್ಕಿಗಳನ್ನು ಓಡಿಸುವುದು ಅವರ ಪಾಲಿನ ಕೆಲಸ. ನೆರಳಿಲ್ಲ, ಕೂರುವಂತಿಲ್ಲ. ಎಡಗಿವಿ ಅಲ್ಲೇ ಹೋಯಿತು.

ಬೇಲಿಯಾಚೆ ಪಾರ್ವತಮ್ಮನ ಮೆಸ್ಸು. ಊರ ಕಡೆಯ ಹೆಂಗಸು. ಸಾರು ಬಡಿಸುತ್ತಾ, ನಿನ್ನ ಗದ್ದಲಕ್ಕೆ ನನ್ನ ಹಾಲೂ ಒಡೆಯುತ್ತದೆ ಎಂದು ಕೆಣಕುತ್ತಿದ್ದರಂತೆ. ಅವರು ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ದಿವಾಕರ ಈಗ ಬಾಯಿ ಬಿಟ್ಟಿದ್ದು ಅದಕ್ಕೇ, ಅದೂ ಹೆಸರುಗಳನ್ನು ಬದಲಿಸುವ ಷರತ್ತಿನ ಮೇಲೆ. ಪಕ್ಕದಲ್ಲಿ ಕೂತ ಹೆಂಡತಿ ತಾರಾ ಕೂಡ ಇದನ್ನು ಮೊದಲ ಬಾರಿಗೆ ಕೇಳುತ್ತಿದ್ದಾರೆ.

ಅವರು ಹೇಳುವ ಆ ದಿನ ಪಾರ್ವತಮ್ಮನ ಗಂಡ ನಾರಾಯಣರ ಮೊದಲ ತಿಥಿ. ಮೆಸ್ಸಿನ ತಾರಸಿಯಲ್ಲಿ ಬಾಳೆಲೆಯ ತುಂಡಿನ ಮೇಲೆ ಅನ್ನ, ವಡೆ, ಪಾಯಸ ಇಟ್ಟು ಕರೆದರೂ ಒಂದು ಕಾಗೆ ಬರಲಿಲ್ಲ. ಕಾಗೆ ಮುಟ್ಟದೆ ಮನೆಯವರು ಉಣ್ಣುವಂತಿಲ್ಲ. ಮುಟ್ಟದಿದ್ದರೆ ಹೋದವರಿಗೆ ಸಮಾಧಾನವಿಲ್ಲವೆಂದು ಅರ್ಥ. ಸುತ್ತಲಿನ ಕಾಗೆಗಳನ್ನೆಲ್ಲ ಓಡಿಸಿದ್ದು ದಿವಾಕರರೇ. ಮಧ್ಯಾಹ್ನ ಪಾರ್ವತಮ್ಮ ಬೇಲಿಯ ಬಳಿ ಬಂದರು.

“ಒಂದು ಗಳಿಗೆ ಅದನ್ನು ನಿಲ್ಲಿಸು ಮಾರಾಯ. ನಮ್ಮ ಯಜಮಾನರು ಬೆಳಿಗ್ಗೆಯಿಂದ ಹಸಿದು ಕೂತಿದ್ದಾರೆ.”

ದಿವಾಕರ ನಿಲ್ಲಿಸಿದರು. ಕಾಗೆಗಳು ಬಂದು ತಾರಸಿಯ ಎಲೆ ಮುಟ್ಟಿದವು. ಅವುಗಳ ಹಿಂದೆಯೇ ಹದ್ದುಗಳೂ ಬಂದವು. ಆಗಲೇ ತರಬೇತಿ ವಿಮಾನವೊಂದು ಇಳಿಯತೊಡಗಿತು. ಬೆಂಕಿಕಡ್ಡಿ ಗೀರುವಷ್ಟರಲ್ಲಿ ಹದ್ದೊಂದು ಅದರ ಮುಂದಿನ ಗಾಜಿಗೆ ಬಡಿಯಿತು. ನೆಲ ಮುಟ್ಟಿದ ವಿಮಾನ ಓರೆಯಾಗಿ ರನ್‌ವೇ ಬಿಟ್ಟು, ಮುಂದಿನ ಚಕ್ರ ಮುರಿದು, ಹೊಟ್ಟೆ ಎಳೆದುಕೊಂಡು ಪೊದೆಗಳಿಗೆ ನುಗ್ಗಿತು. ಕಲಿಸುವವರು ನಡೆದುಕೊಂಡೇ ಹೊರಬಂದರು. ಕಲಿಯುತ್ತಿದ್ದ ಹುಡುಗನನ್ನು ಹೊತ್ತು ತಂದರು. ಬೆನ್ನು ಮುರಿದಿತ್ತು, ಅವನಿನ್ನು ಹಾರುವುದಿಲ್ಲ ಎಂಬುದು ಆಮೇಲೆ ತಿಳಿಯಿತು.

ವಿಚಾರಣೆಗೆ ಬಂದವರು ಮೆಸ್ಸಿನಲ್ಲೂ ಕೇಳಿದರು. ಪಾರ್ವತಮ್ಮ ಸೌಟು ಹಿಡಿದು ನಿಂತೇ ಉತ್ತರಿಸಿದರು: ನಾನು ಊಟ ಹಾಕುವವಳಷ್ಟೇ, ಆದರೆ ಈ ಮನುಷ್ಯ ಮಧ್ಯಾಹ್ನ ತೂಕಡಿಸುವುದನ್ನು ಕಂಡಿದ್ದೇನೆ. ದಿವಾಕರ ಅಲ್ಲೇ ಬೆಂಚಿನಲ್ಲಿ ಕೂತಿದ್ದರು.

“ನನಗೆ ಸಿಟ್ಟು ಬಂದದ್ದು ಆ ಸುಳ್ಳಿಗಲ್ಲ. ಆ ಸಾಹೇಬರು ಆಚೆ ಹೋದ ಕೂಡಲೇ, ಪಾರ್ವತಮ್ಮ ಬಂದು ಇನ್ನು ಸ್ವಲ್ಪ ಸಾರು ಹಾಕ್ಲಾ ಅಂತ ಕೇಳಿದ್ರಲ್ಲ, ಅದಕ್ಕೆ.”

ಗರ್ನಾಲು ಯಾಕೆ ಸಿಡಿಸಲಿಲ್ಲ ಎಂದು ಅಧಿಕಾರಿ ಕೇಳಿದಾಗ ನಿಜ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಸಂಜೆಯೊಳಗೆ ಮೆಸ್ಸಿಗೆ ಬೀಗ ಬೀಳುತ್ತಿತ್ತು. ಆದರೂ ಗರ್ನಾಲು ಹೊಡೆಯದ ಕೈ ತನ್ನದೇ. ಹೋಗುವ ಕೆಲಸ ಹೇಗೂ ಉಳಿಯುತ್ತಿರಲಿಲ್ಲ. ನಿದ್ದೆ ಬಂತು ಸಾರ್, ಎಂದರು. ಅಂದೇ ಕೆಲಸದಿಂದ ತೆಗೆದರು.

ಸಂಜೆ ಮನೆಗೆ ಬಂದು ಅದನ್ನೇ ಹೇಳಿದಾಗ ತಾರಾ ನಂಬಲಿಲ್ಲ.

“ನೀವು ರಾತ್ರಿಯೇ ನಿದ್ದೆ ಮಾಡುವವರಲ್ಲ. ಹಗಲು ಎಂತ ನಿದ್ದೆ?”

ಗಂಡನ ತಿಥಿಯ ಎಲೆ ಕಾಗೆ ಮುಟ್ಟಿತೆಂದು ಆ ಹೆಂಗಸು ಅಂದು ನೆಮ್ಮದಿಯಿಂದ ಉಂಡಿರಬೇಕು, ಎಂದುಕೊಂಡರು ದಿವಾಕರ. ಕೈಕಾಲು ತೊಳೆದು, ಬಂತು, ನಿದ್ದೆ ಬಂತು ಎಂದರು. ಇನ್ನು ಯಾರು ಕೇಳಿದರೂ, ಇವಳು ಕೇಳಿದರೂ, ಇಷ್ಟೇ ಎಂದು ಗಟ್ಟಿ ಮಾಡಿಕೊಂಡರು.