ಹನ್ನೊಂದು ಟೆಂಪ್ಲೇಟುಗಳೂ ಗೌರತ್ತೆಯ ಒಂದು ಹಾಡೂ

ನನಗೊಂದು ದುರಭ್ಯಾಸವಿದೆ. ಮನೆಯಲ್ಲಿ ಹಾಡು ರೆಕಾರ್ಡ್ ಮಾಡಲು ಕುಳಿತರೆ ಮೊದಲು ಬಣ್ಣ ಹಚ್ಚುತ್ತೇನೆ. ಗೋಡೆಗಲ್ಲ, ಕಂಪ್ಯೂಟರಿನ ಪರದೆಯ ಮೇಲಿನ ಪಟ್ಟಿಗಳಿಗೆ. ರೆಕಾರ್ಡಿಂಗಿನ ಸಾಫ್ಟ್‌ವೇರ್ ತೆರೆದರೆ ಒಂದೊಂದು ವಾದ್ಯಕ್ಕೂ ಒಂದೊಂದು ದನಿಗೂ ಒಂದೊಂದು ಅಡ್ಡಪಟ್ಟಿ ಮಾಡಿಕೊಳ್ಳಬೇಕು. ಅದಕ್ಕೆ ಟ್ರ್ಯಾಕ್ ಎನ್ನುತ್ತಾರೆ. ನಾನು ಹಾರ್ಮೋನಿಯಮ್ಮಿಗೆ ಬದನೆಕಾಯಿ ಬಣ್ಣ ಕೊಡುತ್ತೇನೆ, ತಬಲಕ್ಕೆ ಇಟ್ಟಿಗೆಯದು, ತಂಬೂರಿಗೆ ತಿಳಿ ಹಳದಿ. ಹಾಡುವವರಿಗೆ ಮಾತ್ರ ಅವರವರ ಸ್ವಭಾವ ನೋಡಿಕೊಂಡು. ನಮ್ಮ ಶಾಲೆಯ ಹೆಡ್‌ಮಾಸ್ಟರು ಒಮ್ಮೆ ನಾಡಗೀತೆ ಹಾಡಲು ಬಂದಾಗ ಅವರಿಗೆ ಮೆಣಸಿನಕಾಯಿ ಕೆಂಪು ಕೊಟ್ಟಿದ್ದೆ. ಅವರು ಅದನ್ನು ಗೌರವವೆಂದೇ ತಿಳಿದರು.

"ಹಾಡು ಮುಗೀತೇನ್ರೀ?" ಎಂದು ಅಡುಗೆಮನೆಯಿಂದ ನನ್ನ ಹೆಂಡತಿ ಶೈಲಜಾ ಕೇಳುತ್ತಿದ್ದಳು.

"ಇಲ್ಲ ಕಣೇ, ಈಗಿನ್ನೂ ಬಣ್ಣ ಹಚ್ತಿದೀನಿ."

ಬಣ್ಣ ಮುಗಿಯುವ ಹೊತ್ತಿಗೆ ಹಾಡಲು ಬಂದವರು ಕಾಫಿ ಕುಡಿದು, ಉಪ್ಪಿಟ್ಟು ತಿಂದು, "ಇನ್ನೊಂದು ದಿನ ಬರ್ತೀವಿ ಮೇಷ್ಟ್ರೇ" ಎಂದು ಹೊರಟಿರುತ್ತಿದ್ದರು. ಹೀಗೆ ನಮ್ಮ ಮನೆಯ ಉಪ್ಪಿಟ್ಟಿಗೆ ಊರಲ್ಲಿ ಒಳ್ಳೆಯ ಹೆಸರು ಬಂತು, ನನ್ನ ಸಂಗೀತಕ್ಕೆ ಬರಲಿಲ್ಲ.

ನಾನಿರುವುದು ದೊಡ್ಡಬಳ್ಳಾಪುರದಲ್ಲಿ. ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವುದು ಕಸುಬು, ಮನೆಯ ಹಿಂದಿನ ಕೋಣೆಯಲ್ಲಿ ಹಾಡು ರೆಕಾರ್ಡ್ ಮಾಡುವುದು ಹುಚ್ಚು. ಈ ಹುಚ್ಚಿಗೆ ನಮ್ಮೂರಿನಷ್ಟು ಒಗ್ಗದ ಊರು ಇನ್ನೊಂದಿಲ್ಲ. ಬೀದಿಗೆ ಹತ್ತು ಮನೆಯಿದ್ದರೆ ಆರರಲ್ಲಿ ವಿದ್ಯುತ್ ಮಗ್ಗ. ನನ್ನ ಕೋಣೆಗೂ ನಂಜುಂಡಣ್ಣನ ನಾಲ್ಕು ಮಗ್ಗಗಳಿಗೂ ನಡುವೆ ಇರುವುದು ಒಂದೇ ಗೋಡೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಚಟಕ್ ಚಟಕ್ ಚಟಕ್. ಗೋಡೆಗೆ ಮನೆಯಲ್ಲಿದ್ದ ಕೌದಿಗಳನ್ನೆಲ್ಲ ಹೊಡೆದು ನೋಡಿದೆ. ಸದ್ದು ಕೌದಿ ಹೊದ್ದುಕೊಂಡು ಇನ್ನೂ ಬೆಚ್ಚಗೆ ಬಂತು. ಚಳಿಗಾಲಕ್ಕೆ ನಾವು ಹೊಸ ರಗ್ಗು ತರಬೇಕಾಯಿತು.

ಹಾಗಾಗಿ ನನ್ನ ಸಂಗೀತವೆಲ್ಲ ಕರೆಂಟು ಹೋದಾಗ. ಉಳಿದವರು ಕರೆಂಟು ಹೋದರೆ ಗೊಣಗುತ್ತಾರೆ, ನಾನು ಎದ್ದು ಓಡುತ್ತೇನೆ. ಮಗ್ಗಗಳು ಒಮ್ಮೆಗೇ ನಿಲ್ಲುತ್ತವೆ, ಇಡೀ ಬೀದಿ ಉಸಿರು ಬಿಟ್ಟ ಹಾಗಾಗುತ್ತದೆ. ಲ್ಯಾಪ್‌ಟಾಪಿನ ಬ್ಯಾಟರಿಯಲ್ಲಿ ಜೀವ ಇರುವಷ್ಟು ಹೊತ್ತು, ಕರೆಂಟು ಮರಳುವಷ್ಟರೊಳಗೆ, ಹಾಡು ಮುಗಿಯಬೇಕು. ಆದರೆ ಪಟ್ಟಿ ಮಾಡಿ, ಹೆಸರು ಬರೆದು, ಮೈಕಿನ ಮಟ್ಟ ಹೊಂದಿಸಿ, ದನಿಗೆ ಗುಡಿಯೊಳಗೆ ಹಾಡಿದಂಥ ಒಂದಿಷ್ಟು ಮಾರ್ದನಿ ಸೇರಿಸಿ, ಬಣ್ಣ ಹಚ್ಚಿ, "ಹ್ಞೂಂ, ಹಾಡಿ" ಎನ್ನುವಷ್ಟರಲ್ಲಿ ಪಕ್ಕದಲ್ಲಿ ಚಟಕ್ ಎನ್ನುತ್ತಿತ್ತು.

ಉಪಾಯ ಹೇಳಿಕೊಟ್ಟವನು ಶತ್ರುವೇ, ಅಂದರೆ ನಂಜುಂಡಣ್ಣನೇ. ಒಂದು ದಿನ ಅವನ ಮಗ್ಗದ ನೆತ್ತಿಯ ಮೇಲೆ ತೂತು ಹೊಡೆದ ರಟ್ಟಿನ ಸರವೊಂದು ಮಾಲೆಯಂತೆ ಸುತ್ತುತ್ತಿರುವುದನ್ನು ನೋಡುತ್ತ ನಿಂತಿದ್ದೆ.

"ಒಂದ್ಸಲ ಈ ರಟ್ಟಿಗೆ ತೂತು ಹೊಡ್ಸಿದ್ರೆ ಆಯ್ತು ಮೇಷ್ಟ್ರೇ," ಎಂದ. "ಆಮ್ಯಾಕೆ ಎಷ್ಟು ಸೀರೆ ನೇಯ್ರಿ, ಅಂಚಿನ ನವಿಲು ತಾನೇ ಬರ್ತದೆ. ಬಣ್ಣ ಮಾತ್ರ ಗಿರಾಕಿ ಇಷ್ಟ. ಪ್ರತಿ ಸೀರೆಗೂ ನವಿಲನ್ನ ಹೊಸದಾಗಿ ಯೋಚ್ನೆ ಮಾಡ್ತಾ ಕುಂತ್ರೆ ನಮ್ ಕಥೆ ಮುಗೀತು."

ನಾನು ಮನೆಗೆ ಓಡಿದೆ. ನನ್ನ ಸಾಫ್ಟ್‌ವೇರಿನಲ್ಲೂ ಅಂಥದೊಂದು ರಟ್ಟು ಇತ್ತು, ನಾನು ನೋಡಿರಲಿಲ್ಲ ಅಷ್ಟೆ. ಒಮ್ಮೆ ಎಲ್ಲವನ್ನೂ ಸಿದ್ಧಮಾಡಿ ಟೆಂಪ್ಲೇಟ್ ಎಂದು ಉಳಿಸಿಟ್ಟುಕೊಂಡರೆ, ಮುಂದೆ ಒಂದು ಗುಂಡಿ ಒತ್ತಿದ್ದೇ ತಡ, ಪಟ್ಟಿ, ಹೆಸರು, ಮಾರ್ದನಿ, ಬದನೆಕಾಯಿ ಬಣ್ಣ ಎಲ್ಲವೂ ಎಲೆ ಹಾಕಿ ನೀರು ಚಿಮುಕಿಸಿದ ಊಟದ ಪಂಕ್ತಿಯಂತೆ ಎದುರಿಗೆ ಬರುತ್ತವೆ. ಬಡಿಸುವುದೊಂದೇ ಬಾಕಿ. ಮೊದಲ ಸಲ ಅದು ತೆರೆದುಕೊಂಡಾಗ ನಾನು ಕುಣಿದೆ ಎಂದು ಶೈಲಜಾ ಹೇಳುತ್ತಾಳೆ. ಕುಣಿದಿಲ್ಲ. ಕುರ್ಚಿಯಲ್ಲಿ ಕುಳಿತೇ ಎರಡು ಸುತ್ತು ತಿರುಗಿದೆ.

ಆಮೇಲೆ ಎಲ್ಲೆಲ್ಲೂ ಟೆಂಪ್ಲೇಟುಗಳೇ ಕಾಣತೊಡಗಿದವು. ಬಾಗಿಲ ಮುಂದಿನ ರಂಗೋಲಿಯ ಚುಕ್ಕಿ ಟೆಂಪ್ಲೇಟು. ಲಗ್ನಪತ್ರಿಕೆ ಟೆಂಪ್ಲೇಟು, ವಧುವರರ ಹೆಸರು ಬಿಟ್ಟರೆ ಉಳಿದದ್ದನ್ನು ಬದಲಿಸಿದವರನ್ನು ನಾನು ಕಂಡಿಲ್ಲ. ನಾನು ಇಪ್ಪತ್ತು ವರ್ಷದಿಂದ ಕೊಡುತ್ತಿರುವ ಗಣಿತದ ಪ್ರಶ್ನೆಪತ್ರಿಕೆಯಂತೂ ಟೆಂಪ್ಲೇಟುಗಳ ತಾತ. ಅದರಲ್ಲಿ ತಂದೆಯ ವಯಸ್ಸು ಇವತ್ತಿಗೂ ಮಗನ ವಯಸ್ಸಿನ ಮೂರರಷ್ಟೇ ಇದೆ. ಅಷ್ಟೇಕೆ, ನಮ್ಮ ಹಳೆಯ ಕಾವ್ಯಗಳಲ್ಲಿ ಹದಿನೆಂಟು ವರ್ಣನೆಗಳು ಇರಲೇಬೇಕೆಂಬ ನಿಯಮವಿತ್ತಲ್ಲ? ಸಮುದ್ರ, ಬೆಟ್ಟ, ನಗರ, ಸೂರ್ಯೋದಯ, ಚಂದ್ರೋದಯ, ಹೀಗೆ. ಒಣ ಸೀಮೆಯಲ್ಲಿ ಹುಟ್ಟಿ ಕೆರೆಗಿಂತ ದೊಡ್ಡ ನೀರು ಕಾಣದ ಕವಿಯೂ ಸಮುದ್ರದ ಪಟ್ಟಿಯನ್ನು ತೆರೆದು ಎರಡು ತೆರೆ ಎಬ್ಬಿಸಿಯೇ ಮುಂದಕ್ಕೆ ಹೋಗಬೇಕಿತ್ತು. ಅವರಿಗೂ ಪಕ್ಕದಲ್ಲಿ ಮಗ್ಗ ಇದ್ದಿರಬೇಕು ಎಂದು ನನಗೆ ಗುಮಾನಿ.

ಹುಚ್ಚು ನೆತ್ತಿಗೇರಿ ಹನ್ನೊಂದು ಟೆಂಪ್ಲೇಟು ಮಾಡಿದೆ. ಭಜನೆಗೊಂದು, ಹುಟ್ಟುಹಬ್ಬಕ್ಕೊಂದು, ಲಾಲಿಗೊಂದು, ಶಾಲೆಯ ವಾರ್ಷಿಕೋತ್ಸವಕ್ಕೊಂದು, ಕೆಮ್ಮು ಇರುವ ಗಾಯಕರಿಗೆಂದೇ ಒಂದು. ಮಾಡುತ್ತ ಮಾಡುತ್ತ ಮೂರು ತಿಂಗಳು ಕಳೆಯಿತು. ಆ ಮೂರು ತಿಂಗಳಲ್ಲಿ ಒಂದೇ ಒಂದು ಹಾಡು ರೆಕಾರ್ಡ್ ಆಗಲಿಲ್ಲ.

"ಹನ್ನೊಂದು ಬಾಣಲೆ ಇಟ್ಟಿದೀರ, ಒಂದ್ರಲ್ಲೂ ಎಣ್ಣೆ ಇಲ್ಲ," ಎಂದಳು ಶೈಲಜಾ.

ಅಷ್ಟರಲ್ಲಿ ಬಂದವಳು ಭವ್ಯ. ಗೌರತ್ತೆಯ ಮೊಮ್ಮಗಳು. ಗೌರತ್ತೆ ನನ್ನ ತಂದೆಯ ತಂಗಿ. ಹುಟ್ಟಿದ್ದು ದೊಡ್ಡಬೆಳವಂಗಲದ ಬೇಸಾಯದ ಮನೆಯಲ್ಲಿ, ಸೇರಿದ್ದು ದೊಡ್ಡಬಳ್ಳಾಪುರದಲ್ಲಿ ಎರಡು ಮಗ್ಗ ಹಾಕಿಕೊಂಡಿದ್ದವರ ಮನೆಯನ್ನು. ಈಗ ಮಗ್ಗಗಳಿಲ್ಲ, ನಮ್ಮಿಂದ ಮೂರು ಬೀದಿಯಾಚೆ ಮಗಳ ಮನೆಯಲ್ಲಿದ್ದಾಳೆ. ನಮ್ಮ ನೆಂಟರಿಷ್ಟರಲ್ಲಿ ಹಸೆಗೆ ಕರೆಯುವ ಹಾಡು ಗೌರತ್ತೆ ಹಾಡದೆ ಮದುವೆ ಆಗುತ್ತಿರಲಿಲ್ಲ. ಆದರೆ ಹೋದ ವರ್ಷ ಇನ್ನೊಬ್ಬ ಮೊಮ್ಮಗಳ ಮದುವೆಯಲ್ಲಿ, ಅವಳು ಎರಡನೇ ಸಾಲಿಗೆ ಬರುವಷ್ಟರಲ್ಲಿ ಫೋಟೋಗ್ರಾಫರು "ಅಜ್ಜಿ, ಸ್ವಲ್ಪ ಸೈಡಿಗೆ ಬನ್ನಿ, ಫ್ರೇಮಿಗೆ ಅಡ್ಡ" ಎಂದಿದ್ದ. ಅತ್ತೆ ಸೈಡಿಗೆ ಹೋದಳು. ಹಾಡೂ ಅವಳ ಜೊತೆ ಸೈಡಿಗೆ ಹೋಯಿತು. ಇನ್ನು ಮಂಟಪದಲ್ಲಿ ಹಾಡುವುದಿಲ್ಲ ಎಂದುಬಿಟ್ಟಳು.

"ನನ್ನ ಮದ್ವೆ ಮುಂದಿನ ಗುರುವಾರ ಮಾವ," ಎಂದಳು ಭವ್ಯ. "ಅಜ್ಜಿ ಹಾಡಿಲ್ಲ ಅಂದ್ರೆ ನಾನು ಹಸೆಮಣೆ ಮೇಲೆ ಹೆಂಗೆ ಕೂರ್ಲಿ? ಎದುರಿಗೆ ಹಾಡಲ್ವಂತೆ. ನಿಮ್ಮನೇಲಿ ರೆಕಾರ್ಡ್ ಮಾಡಿ ಕೊಡಿ, ಮಂಟಪದ ಸ್ಪೀಕರ್‌ನಲ್ಲಿ ಹಾಕ್ಸ್ತೀನಿ." ಕಣ್ಣಲ್ಲಿ ನೀರಿತ್ತು. ಆಗಲಿ ಎಂದು ತಕ್ಷಣ ಒಪ್ಪಿಕೊಂಡೆ. ಅದರ ಜೊತೆಗೇ, ಸುಳ್ಳೇಕೆ ಹೇಳಲಿ, ಹನ್ನೆರಡನೇ ಟೆಂಪ್ಲೇಟು ಮಾಡಬಹುದೆಂಬ ಸಂತೋಷವೂ ಆಯಿತು.

ಭಾನುವಾರ ಹತ್ತರಿಂದ ಕರೆಂಟು ಇರುವುದಿಲ್ಲವೆಂದು ಮೊದಲೇ ತಿಳಿಸಿದ್ದರು. ಗೌರತ್ತೆ ಹಬ್ಬಕ್ಕೆ ಉಡುವ ಸೀರೆ ಉಟ್ಟು ಬಂದು ಕುಳಿತಳು. ಹತ್ತಕ್ಕೆ ಸರಿಯಾಗಿ ಮಗ್ಗಗಳು ನಿಂತವು. ನಾನು ಹನ್ನೆರಡನೆಯದರ ಗುಂಡಿ ಒತ್ತಿದೆ. ಹತ್ತೇ ಸೆಕೆಂಡು, ಎಲ್ಲ ಸಿದ್ಧ! ಎಲ್ಲ ಜಾಗ ಮೊದಲೇ ಮಾಡಿಟ್ಟಿದ್ದೇನೆ, ತುಂಬುವುದೊಂದೇ ನಿನ್ನ ಕೆಲಸ ಎಂದು ಅತ್ತೆಗೆ ಬೀಗುತ್ತ ವಿವರಿಸಿದೆ.

"ಅಯ್ಯೋ, ಇದ್ಯಾವ ಮಹಾ ಹೊಸದ್ಲಾ," ಎಂದಳು ಅತ್ತೆ. "ನನ್ ಹಾಡೂ ಅಂಗೇಯ. ಹೆಣ್ಣಿನ್ ಹೆಸ್ರು ಒಂದ್ಕಡೆ, ಗಂಡಿನ್ ಹೆಸ್ರು ಒಂದ್ಕಡೆ, ಸೋದರಮಾವನ್ದು ಒಂದ್ಕಡೆ. ಜಾಗ ಬುಟ್ಟಿರ್ತೀನಿ. ಯಾರ್ ಮದ್ವೆನೋ ಅವ್ರುನ್ನ ತಂದು ಕೂರ್ಸೋದು. ಐವತ್ತು ಮದ್ವೆಗೂ ಒಂದೇ ಹಾಡು. ನಿಂಗೆ ಗೊತ್ತೇ ಇರ್ಲಿಲ್ವಾ?"

ಮೂರು ತಿಂಗಳು ಕಷ್ಟಪಟ್ಟು ನಾನು ಕಂಡುಹಿಡಿದದ್ದು ಅತ್ತೆಗೆ ಎಂದೋ ಬಾಯಿಪಾಠವಾಗಿತ್ತು. ಸುಧಾರಿಸಿಕೊಂಡು, ತಾಳ ತಪ್ಪದಿರಲೆಂದು ಟೆಂಪ್ಲೇಟಿನಲ್ಲೇ ಇಟ್ಟಿದ್ದ ಟಿಕ್ ಟಿಕ್ ಸದ್ದನ್ನು ಅವಳ ಕಿವಿಗೆ ಕೊಟ್ಟೆ.

"ಇದೇನ್ಲಾ, ಹಲ್ಲಿ ಲೊಚಗುಟ್ಟಿದಂಗೈತೆ!" ಎಂದು ಹೆಡ್‌ಫೋನು ಕಿತ್ತಿಟ್ಟಳು.

ಸರಿ, ಹಲ್ಲಿಯನ್ನು ತೆಗೆದೆ. ಎಂಥ ನಿಶ್ಶಬ್ದ! ನಾನು ಮೂರು ತಿಂಗಳು ಕನಸು ಕಂಡದ್ದು ಇದನ್ನೇ. ಅತ್ತೆ ಶುರುಮಾಡಿದಳು, ಎರಡನೇ ಸಾಲಿಗೆ ನಿಂತಳು. ಮತ್ತೆ ಶುರುಮಾಡಿದಳು, ಮತ್ತೆ ನಿಂತಳು. ಮೂರನೇ ಸಲ ಮೊದಲ ಸಾಲೇ ಮರೆಯಿತು. ಐವತ್ತು ಮದುವೆಗಳ ಹಾಡು ಬಾಯಿಗೆ ಬರುತ್ತಿಲ್ಲ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಆಗಕಿಲ್ಲ ಕಣ್ಲಾ. ಹಾಡು ನನ್ನ ಬುಟ್ಟೋಗೈತೆ. ಮಗೀಗೆ ನೀನೇ ಏನಾರ ಯೋಳ್ಬುಡು."

ಎದ್ದು ಬಾಗಿಲಿಗೆ ಹೋದಳು. ಅವಳು ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಇನ್ನೊಂದನ್ನು ಹುಡುಕುತ್ತಿರುವಾಗ, ನಾಲ್ಕಕ್ಕೆ ಬರಬೇಕಾದ ಕರೆಂಟು ಹನ್ನೊಂದಕ್ಕೇ ಬಂದುಬಿಟ್ಟಿತು. ಪಕ್ಕದಲ್ಲಿ ಚಟಕ್ ಚಟಕ್ ಚಟಕ್. ನಾನು ತಲೆ ಮೇಲೆ ಕೈ ಹೊತ್ತೆ. ಮುಗಿಯಿತು ಅಂದುಕೊಂಡೆ.

ಬಾಗಿಲಲ್ಲಿ ಗೌರತ್ತೆ ನಿಂತಲ್ಲೇ ನಿಂತಳು. ಒಂದು ಕಾಲಿನ ಚಪ್ಪಲಿ ಹಾಗೇ ಇತ್ತು. ಬಲಗೈ ತಾನಾಗಿ ಸಣ್ಣಗೆ ಸುತ್ತತೊಡಗಿತು, ಕಾಣದ ರಾಟೆಯ ಹಿಡಿಯನ್ನು ಹಿಡಿದ ಹಾಗೆ. ಆಮೇಲೆ ಹಾಡು ಬಂತು. ತಡೆಯಿಲ್ಲದೆ, ಎತ್ತರದ ದನಿಯಲ್ಲಿ, ಮಗ್ಗದ ಒಂದೊಂದು ಬಡಿತಕ್ಕೂ ಒಂದೊಂದು ಮಾತು ಕೂರುವಂತೆ. ಮೂವತ್ತು ವರ್ಷ ಮಗ್ಗದ ಪಕ್ಕದಲ್ಲಿ ಕುಳಿತು ಲಾಳಿಗೆ ನೂಲು ಸುತ್ತಿಕೊಟ್ಟವಳು ಅವಳು. ಹಾಡು ಗಟ್ಟಿಯಾದದ್ದೂ ಅಲ್ಲಿಯೇ. ಮಗ್ಗ ಅವಳಿಗೆ ಗದ್ದಲವಲ್ಲ, ತಬಲ. ಗಣಿತದ ಮೇಷ್ಟ್ರಾದ ನಾನು ಲೆಕ್ಕ ಹಾಕಿ ಆ ತಬಲವನ್ನೇ ಆಚೆಗೆ ಅಟ್ಟಿ, "ಹಾಡು" ಎಂದಿದ್ದೆ.

ಪುಣ್ಯಕ್ಕೆ ರೆಕಾರ್ಡಿಂಗ್ ನಿಲ್ಲಿಸಲು ಮರೆತಿದ್ದೆ. ಮೈಕನ್ನು ಸ್ಟ್ಯಾಂಡ್ ಸಮೇತ ಎತ್ತಿಕೊಂಡು ಬಾಗಿಲಿಗೆ ಓಡಿದೆ. ಹದಿನಾಲ್ಕು ನುಡಿ ಹಾಡಿದಳು. ನಡುವೆ ಮೂರು ಕಡೆ ಸುಮ್ಮನಾದಳು. ಮಗ್ಗವೊಂದೇ ಬಡಿಯುತ್ತಿತ್ತು. ಯಾಕೆಂದು ಆಮೇಲೆ ಕೇಳಿದರೆ, "ಗಂಡಿನ ಕಡೆಯೋರ ಹೆಸ್ರು ನಂಗೇನ್ ಗೊತ್ಲಾ? ಜಾಗ ಬುಟ್ಟಿವ್ನಿ, ಅಂಗೇ ಇರ್ಲಿ," ಎಂದಳು.

ಸಾಫ್ಟ್‌ವೇರಿನಲ್ಲಿ ಗದ್ದಲ ತೊಳೆಯುವ ಸಾಧನವೂ ಇದೆ. ಮಗ್ಗವನ್ನು ತೊಳೆದು ನೋಡಿದೆ. ಅತ್ತೆಯ ದನಿ ತಂಬಿಗೆಯೊಳಗೆ ಬಾಯಿಟ್ಟು ಹಾಡಿದಂತಾಯಿತು. ಹಾಳಾಗಿ ಹೋಗಲಿ ಎಂದು ಇದ್ದ ಹಾಗೇ ಭವ್ಯಳಿಗೆ ಕೊಟ್ಟೆ.

ಗುರುವಾರ ದೇವನಹಳ್ಳಿ ರಸ್ತೆಯ ಕಲ್ಯಾಣ ಮಂಟಪ. ಭವ್ಯಳನ್ನು ಹಸೆಗೆ ಕರೆತರುವಾಗ ಆಳೆತ್ತರದ ಸ್ಪೀಕರುಗಳಲ್ಲಿ ಮೊದಲು ಬಂದದ್ದು ಚಟಕ್ ಚಟಕ್. ಸೌಂಡಿನವನು ಗಾಬರಿಯಾಗಿ ವಯರು ಅಲುಗಿಸಿದ. ನಮ್ಮೂರಿನವರು ಕುಳಿತಿದ್ದ ಕಡೆಯಿಂದ ನಂಜುಂಡಣ್ಣ ಎದ್ದು ನಿಂತು, "ಲೇ, ಅದು ನಮ್ ಮೂರ್ನೇ ಮಗ್ಗ ಕಣ್ರೋ! ಅದ್ರ ಲಾಳಿ ಒಸಿ ಕುಂಟ್ತದೆ, ಕೇಳಿ!" ಎಂದು ಕೂಗಿದ. ಆಮೇಲೆ ಅತ್ತೆಯ ದನಿ. ಭವ್ಯ ನಡೆಯುತ್ತಿದ್ದವಳು ನಿಂತು ನಕ್ಕಳು, ಅತ್ತಳು, ಎರಡನ್ನೂ ಒಟ್ಟಿಗೆ ಮಾಡಿದಳು.

ಗೌರತ್ತೆ ಮೂರನೇ ಸಾಲಿನಲ್ಲಿ ಕುಳಿತು, ಇದಕ್ಕೂ ತನಗೂ ಸಂಬಂಧವಿಲ್ಲವೆಂಬಂತೆ ಎಲೆ ಅಡಿಕೆ ಜಗಿಯುತ್ತಿದ್ದಳು. ಮೊದಲ ಖಾಲಿ ಜಾಗ ಬಂತು. ಹಾಡು ನಿಂತು ಬರೀ ಮಗ್ಗ. ಸೌಂಡಿನವನು ಮತ್ತೆ ವಯರಿಗೆ ಕೈ ಹಾಕಿದ. ಅಷ್ಟರಲ್ಲಿ ಮೂರನೇ ಸಾಲಿನಿಂದ, ಮೈಕಿಲ್ಲದೆ, ಗಂಡಿನ ಸೋದರಮಾವನ ಹೆಸರು ಸರಿಯಾದ ಬಡಿತಕ್ಕೆ ಬಂದು ಕುಳಿತಿತು. ಬೆಳಿಗ್ಗೆ ತಿಂಡಿಯ ಹೊತ್ತಿನಲ್ಲಿ ಅವಳು ಹೆಸರುಗಳನ್ನೆಲ್ಲ ವಿಚಾರಿಸಿಕೊಂಡಿದ್ದಳಂತೆ! ಸ್ಪೀಕರಿನ ಅತ್ತೆ ಮುಂದಿನ ನುಡಿ ಹಾಡಿದಳು, ಎದುರಿಗಿದ್ದ ಅತ್ತೆ ಎದ್ದು ನಿಂತಳು. ಎರಡನೇ ಜಾಗ ಬರುವಷ್ಟರಲ್ಲಿ ಹಸೆಮಣೆಯ ಪಕ್ಕಕ್ಕೇ ಬಂದಿದ್ದಳು. ಅಲ್ಲಿ ಅದೇ ಹೋದ ವರ್ಷದ ಫೋಟೋಗ್ರಾಫರು ನಿಂತಿದ್ದ.

"ಪಟ ತೆಗೆಯೋ ಅಣ್ಣಯ್ಯ, ಪಕ್ಕಕೆ ಸರಿಯೋ ಚಿನ್ನಯ್ಯ," ಎಂದು ಹಾಡಿದಳು ಗೌರತ್ತೆ.

ಮಂಟಪ ಹೋ ಎಂದಿತು. ಫೋಟೋಗ್ರಾಫರು ನಾಚಿ ಕೆಂಪಗಾಗಿ ಪಕ್ಕಕ್ಕೆ ಸರಿದ. ಸರಿದು, ಅಲ್ಲಿಂದಲೇ ಅತ್ತೆಯದೇ ನಾಲ್ಕು ಫೋಟೋ ತೆಗೆದ. ನಾನು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದೆ. ಮೂರನೇ ಜಾಗ ಇನ್ನೂ ಬಾಕಿಯಿದೆ ಎಂಬುದನ್ನು ಮರೆತಿದ್ದೆ.

"ಗುಂಡಿ ಒತ್ತೋ ಅಳಿಯಯ್ಯ, ಬಣ್ಣ ಬಳಿದದ್ದು ಸಾಕಯ್ಯ!"

ಬಣ್ಣದ ಸುದ್ದಿಯನ್ನು ಅತ್ತೆಗೆ ಮುಟ್ಟಿಸಿದವರು ಯಾರೆಂದು ಕೇಳಬೇಕಾಗಿರಲಿಲ್ಲ. ಹೆಂಗಸರ ಸಾಲಿನಲ್ಲಿ ಶೈಲಜಾ ಸೆರಗು ಬಾಯಿಗೆ ಒತ್ತಿಕೊಂಡು ಅಲುಗುತ್ತಿದ್ದಳು.

ಮನೆಗೆ ಬಂದು ಹನ್ನೊಂದು ಟೆಂಪ್ಲೇಟುಗಳನ್ನೂ ಅಳಿಸಿದೆ. ಕೆಮ್ಮಿನವರದನ್ನು ಅಳಿಸುವಾಗ ಮಾತ್ರ ಸ್ವಲ್ಪ ಸಂಕಟವಾಯಿತು. ಈಗ ಉಳಿದಿರುವುದು ಹನ್ನೆರಡನೆಯದೊಂದೇ, ಅದನ್ನೂ ತಿದ್ದಿದ್ದೇನೆ. ಗುಂಡಿ ಒತ್ತಿದರೆ ಮೂರು ಪಟ್ಟಿ ತೆರೆದುಕೊಳ್ಳುತ್ತವೆ. ಮೊದಲನೆಯದು ನಂಜುಂಡಣ್ಣನ ಮೂರನೇ ಮಗ್ಗ, ಕುಂಟು ಲಾಳಿ ಸಮೇತ. ಎರಡನೆಯದು ಹಾಡುವವರಿಗೆ. ಮೂರನೆಯದು ಖಾಲಿ. ಅದಕ್ಕೆ ಹೆಸರು ಬರೆದಿಲ್ಲ, ಬಣ್ಣವನ್ನೂ ಹಚ್ಚಿಲ್ಲ. ಯಾರು ಬಂದು ಕೂರುತ್ತಾರೋ, ನೋಡಿಕೊಂಡು ಹಚ್ಚಿದರಾಯಿತು.